ಸವೆದ ನೋಜಲಿಗೆ ಬಾಟಲಿಯ ಮದ್ದು

ಫೆಬ್ರವರಿಯ ಎರಡನೆಯ ವಾರದಿಂದ ನನ್ನ ವರ್ಕ್‌ಶಾಪಿಗೆ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಎರಡು ವಸ್ತುಗಳಿರುತ್ತವೆ: ಹಳೆಯ ಬನಿಯನ್ ಬಟ್ಟೆಯಲ್ಲಿ ಸುತ್ತಿದ ಇಂಜೆಕ್ಟರು (ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಭಾಗ, ಅದರ ತೂತಿರುವ ತುದಿಯೇ ನೋಜಲು), ಮತ್ತು ಡೀಸೆಲಿಗೆ ಬೆರೆಸುವ ರಾಸಾಯನಿಕದ, ಅಂದರೆ ಅಡಿಟಿವ್‌ನ, ಖಾಲಿ ಬಾಟಲಿ. ಮೊದಲನೆಯದನ್ನು ಮೇಜಿನ ಮೇಲಿಟ್ಟು, ಎರಡನೆಯದನ್ನು ನನ್ನ ಮುಖದ ಮುಂದೆ ಹಿಡಿದು, "ಇದನ್ನು ಪೂರ್ತಿ ಸುರಿದೆ, ಆದರೂ ಹೊಗೆ ನಿಲ್ಲಲಿಲ್ಲ" ಎನ್ನುತ್ತಾರೆ. ತೋಟದಲ್ಲಿ ರೊಬಸ್ಟಾ ಕಾಫಿಯ ಮೊಗ್ಗು ಬಿಗಿದು ನಿಂತಿರುತ್ತದೆ, ಅದನ್ನು ಅರಳಿಸುವ ಹೂಮಳೆಯ ಸುಳಿವಿರುವುದಿಲ್ಲ, ಸ್ಪ್ರಿಂಕ್ಲರ್ ಪೈಪುಗಳನ್ನು ಎಳೆದು ಜೋಡಿಸಿಯಾಗಿರುತ್ತದೆ. ಕೆರೆಯ ದಂಡೆಯ ಮೇಲಿನ ಡೀಸೆಲ್ ಎಂಜಿನ್ ಮಾತ್ರ ಬಿಳಿ ಹೊಗೆ ಉಗುಳುತ್ತ, ಲೋಡ್ ಎಳೆಯಲಾರದೆ ಕುಂಟುತ್ತಿರುತ್ತದೆ. ಅಂಥ ಹೊತ್ತಿನಲ್ಲಿ ಬಾಟಲಿಯ ಮೇಲೆ ನಂಬಿಕೆ ಹುಟ್ಟುವುದು ಸಹಜ, ಅದನ್ನು ನಾನು ಗೇಲಿ ಮಾಡುವವನಲ್ಲ. ಆದರೆ ಪಂಪು ಮತ್ತು ನೋಜಲಿನ ಕೆಲಸದಲ್ಲೇ ಕೂದಲು ನರೆತಿರುವ ನಾನು ಪ್ರತಿ ವರ್ಷ ಅದೇ ಮಾತನ್ನು ಅದೇ ಮೇಜಿನ ಮುಂದೆ ನಿಂತು ಹೇಳಬೇಕಾಗಿ ಬಂದಿರುವುದರಿಂದ, ಈ ಬಾರಿ ಬರೆದೇ ಬಿಡುವುದು ಒಳ್ಳೆಯದೆಂದು ಕುಳಿತಿದ್ದೇನೆ.

ಅಡಿಟಿವ್ ಸುಳ್ಳಲ್ಲ. ಒಳ್ಳೆಯ ಡೀಸೆಲ್ ಡಿಟರ್ಜೆಂಟಿನ ಅಣುವಿಗೆ ಎರಡು ತುದಿಗಳಿರುತ್ತವೆ. ಒಂದು ತುದಿ ಲೋಹಕ್ಕೂ ಅದರ ಮೇಲೆ ಕೂರುವ ಮಸಿಗೂ ಅಂಟಿಕೊಳ್ಳುತ್ತದೆ, ಇನ್ನೊಂದು ಉದ್ದನೆಯ ಎಣ್ಣೆಯಂಥ ಬಾಲ ಡೀಸೆಲಿನೊಳಗೆ ಚಾಚಿಕೊಂಡು ಆ ಮಸಿಯನ್ನು ತೇಲಿಸಿಕೊಂಡು ಹೋಗುತ್ತದೆ. ಕಾಮನ್ ರೈಲ್ (ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಭಾರಿ ಒತ್ತಡದ ಡೀಸೆಲ್ ಹಂಚುವ ವ್ಯವಸ್ಥೆ) ಇರುವ ಈಗಿನ ಜೀಪು, ಪಿಕಪ್‌ಗಳಲ್ಲಿ ನೋಜಲಿನ ತೂತು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಮಾತ್ರ, ಅದರ ಮೂಲಕ ಡೀಸೆಲ್ ಹಾಯುವುದು 1,600ರಿಂದ 2,000 ಬಾರ್ ಒತ್ತಡದಲ್ಲಿ (ಒಂದು ಬಾರ್ ಎಂದರೆ ಸರಿಸುಮಾರು ನಮ್ಮ ಸುತ್ತಲಿನ ಗಾಳಿಯ ಒತ್ತಡ). ಅಷ್ಟು ಸಣ್ಣ ತೂತಿನಲ್ಲಿ ತೆಳುವಾಗಿ ಮಸಿ ಕೂತರೂ ಎಂಜಿನ್ನಿನ ನಡಿಗೆ ಬದಲಾಗುತ್ತದೆ. ಅಲ್ಲಿ ಡಿಟರ್ಜೆಂಟು ಕೆಲಸ ಮಾಡುತ್ತದೆ, ಚೊಕ್ಕಟವಾಗಿದ್ದ ನೋಜಲನ್ನು ಚೊಕ್ಕಟವಾಗಿಯೇ ಉಳಿಸುವುದರಲ್ಲಂತೂ ಚೆನ್ನಾಗಿಯೇ ಮಾಡುತ್ತದೆ. ಆಗಲೇ ಕೂತಿರುವ ಮಸಿಯನ್ನೂ ನಾಲ್ಕಾರು ಟ್ಯಾಂಕುಗಳಲ್ಲಿ ಸ್ವಲ್ಪ ಮಟ್ಟಿಗೆ ಬಿಡಿಸಬಹುದು. ಎಷ್ಟು ಬಿಡಿಸುತ್ತದೆಂಬುದು ಮಸಿಯ ಬಗೆಯನ್ನೂ ಬಾಟಲಿಯಲ್ಲಿರುವ ಸರಕನ್ನೂ ಅವಲಂಬಿಸಿರುವುದರಿಂದ ನಾನು ಯಾರಿಗೂ ಮಾತು ಕೊಡುವುದಿಲ್ಲ.

ಇಲ್ಲಿಯವರೆಗೆ ಎಲ್ಲರೂ ತಲೆಯಾಡಿಸುತ್ತಾರೆ. ಜನರಿಗೆ ಎಷ್ಟು ಹೇಳಿದರೂ ಒಳಗಿಳಿಯದ ಸಂಗತಿ ಮುಂದಿನದು: ಕೊಳೆ ಬೇರೆ, ಸವೆತ ಬೇರೆ, ಮತ್ತು ಎರಡರ ಹೊಗೆಯೂ ಹೊರಗಿನಿಂದ ನೋಡುವವನಿಗೆ ಒಂದೇ. ಕೊಳೆ ಎಂದರೆ ಇರಬಾರದ ವಸ್ತು ಬಂದು ಕೂತಿರುವುದು, ಅದನ್ನು ತೊಳೆಯಬಹುದು. ಸವೆತ ಎಂದರೆ ಇರಬೇಕಾದ ಲೋಹವೇ ಹೋಗಿರುವುದು. ಹೋದ ಲೋಹವನ್ನು ಯಾವ ದ್ರವವೂ ತಂದು ತುಂಬುವುದಿಲ್ಲ. ನೋಜಲಿನೊಳಗಿನ ಸೂಜಿ ಮತ್ತು ಅದರ ಕವಚದ ನಡುವಿನ ಸಂದು ಎರಡರಿಂದ ನಾಲ್ಕು ಮೈಕ್ರಾನ್ ಮಾತ್ರ, ತಲೆಗೂದಲಿನ ದಪ್ಪದ ಸುಮಾರು ಇಪ್ಪತ್ತನೆಯ ಒಂದು ಪಾಲು. ಆ ಸೂಜಿ ಕೂರುವ ಸೀಟಿನಲ್ಲಿ ತುಕ್ಕಿನ ಒಂದು ಚುಕ್ಕೆ ಎದ್ದರೆ, ಧೂಳಿನ ಕಣವೊಂದು ಗೀರು ಹಾಕಿದರೆ, ಸೂಜಿ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಮುಚ್ಚಿಕೊಳ್ಳದಿದ್ದರೆ ಡೀಸೆಲ್ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಡೀಸೆಲ್ ಆ ಬಿಸಿಯಲ್ಲಿ ಅರೆಬರೆ ಬೆಂದು ನೋಜಲಿನ ತುದಿಯಲ್ಲೇ ಮಸಿಯಾಗಿ ಕಟ್ಟುತ್ತದೆ. ಹಾಗಾಗಿ ಬಿಚ್ಚಿ ನೋಡಿದವನಿಗೆ ಮಸಿ ಕಾಣುತ್ತದೆ, ಮಸಿ ಕಂಡದ್ದರಿಂದ ಕೊಳೆಯೆಂದು ತಿಳಿಯುತ್ತಾನೆ, ಕೊಳೆಯೆಂದು ತಿಳಿದದ್ದರಿಂದ ಬಾಟಲಿ ತರುತ್ತಾನೆ. ಅಲ್ಲಿ ಮಸಿ ಸವೆತದಿಂದ ಹುಟ್ಟಿದ್ದೇ ಹೊರತು ರೋಗದ ಮೂಲ ಅದಾಗಿರುವುದಿಲ್ಲ.

ಇದನ್ನು ಕಣ್ಣಾರೆ ನೋಡಬೇಕೆನ್ನುವವರಿಗೆ ನಾನು ನೋಜಲು ಪರೀಕ್ಷಿಸುವ ಟೆಸ್ಟರ್ ಮುಂದೆ ಸ್ಟೂಲು ಹಾಕಿ ಕೂರಿಸುತ್ತೇನೆ. ಇಂಜೆಕ್ಟರನ್ನು ಪೈಪಿಗೆ ಸಿಕ್ಕಿಸಿ ಕೈಹಿಡಿಯನ್ನು ಒತ್ತಿದರೆ ಒತ್ತಡ ತೋರಿಸುವ ಮುಳ್ಳು ಮೇಲೇರುತ್ತದೆ. ನಮ್ಮ ಪಂಪ್‌ಸೆಟ್ ಎಂಜಿನ್ನುಗಳ ನೋಜಲು ಸುಮಾರು 200 ಬಾರ್‌ನಲ್ಲಿ ತೆರೆಯಬೇಕು. ಆರೋಗ್ಯವಾಗಿರುವ ನೋಜಲು ಕಿರ್ರೆಂದು ಸದ್ದು ಮಾಡುತ್ತದೆ, ತುದಿಯಿಂದ ಏಳುವುದು ಡಿಸೆಂಬರಿನ ಬೆಳಗಿನ ಮಂಜಿನಂಥ ನಯವಾದ ತುಂತುರು. ಸವೆದದ್ದು ಸದ್ದಿಲ್ಲದೆ ಪಿಚಕಾರಿಯ ಹಾಗೆ ಒಂದು ಗೆರೆ ಎಸೆಯುತ್ತದೆ. ಬಳಿಕ ತೆರೆಯುವ ಒತ್ತಡಕ್ಕಿಂತ ಹತ್ತಿಪ್ಪತ್ತು ಬಾರ್ ಕೆಳಗೆ ನಿಲ್ಲಿಸಿ 10 ಸೆಕೆಂಡು ಕಾಯುತ್ತೇನೆ. ತುದಿ ಒಣಗಿಯೇ ಇರಬೇಕು, ಅಲ್ಲಿ ಹನಿ ಮೂಡಿ ಬಿದ್ದರೆ ಮತ್ತೆ ಚರ್ಚೆಗೆ ಎಡೆಯಿಲ್ಲ. (ಆ ತುಂತುರಿನ ಎದುರು ಬೆರಳು ಹಿಡಿದು ಪರೀಕ್ಷಿಸುವ ಚಪಲ ಕೆಲವರಿಗಿದೆ. ದಯವಿಟ್ಟು ಬೇಡ. ಆ ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ, ಆಮೇಲೆ ಬೆರಳನ್ನು ಉಳಿಸುವುದೇ ಆಸ್ಪತ್ರೆಯವರಿಗೆ ಕಷ್ಟ.)

ಸವೆತ ಎಲ್ಲಿಂದ ಬಂತು? ನಮ್ಮ ಕೊಡಗು ಜಿಲ್ಲೆಯಲ್ಲಿ, ನನ್ನ ಅನುಭವದ ಮಟ್ಟಿಗೆ, ಹೆಚ್ಚಿನ ಪಾಲು ನೀರಿನಿಂದ. ಹೂವಿಗೊಮ್ಮೆ, ಹೂವಿನ ನಂತರ ಕಾಯಿ ಕಚ್ಚಲು ಬ್ಯಾಕಿಂಗಿಗೊಮ್ಮೆ ನೀರು ಕೊಟ್ಟು ಏಪ್ರಿಲಿನ ಹೊತ್ತಿಗೆ ಟಾರ್ಪಾಲು ಹೊದಿಸಿದ ಎಂಜಿನ್ನನ್ನು ಮುಂದಿನ ಫೆಬ್ರವರಿಯವರೆಗೆ ಯಾರೂ ತಿರುಗಿ ನೋಡುವುದಿಲ್ಲ. ಅರ್ಧ ತುಂಬಿದ ಟ್ಯಾಂಕಿನ ಉಳಿದರ್ಧದಲ್ಲಿರುವುದು ಗಾಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕೊಡಗಿನ ಗಾಳಿಯೆಂದರೆ ಅರ್ಧ ನೀರೇ. ಅದು ರಾತ್ರಿಯ ಚಳಿಗೆ ತಗಡಿನ ಒಳಮೈಯಲ್ಲಿ ಬೆವರಾಗಿ ಇಳಿದು ತಳ ಸೇರುತ್ತದೆ. ನೀರೂ ಡೀಸೆಲೂ ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಕಟ್ಟುತ್ತವೆ, ಅವು ಬಿಡುವ ಆಮ್ಲ ಲೋಹವನ್ನು ತಿನ್ನುತ್ತದೆ. ಸೆಪ್ಟೆಂಬರಿನ ಕೈಲ್‌ಮುಹೂರ್ತಕ್ಕೆ, ಅಂದರೆ ಕೊಡವರ ಆಯುಧಪೂಜೆಯ ಹಬ್ಬಕ್ಕೆ, ಕೋವಿಯ ನಳಿಗೆಯನ್ನು ಒರೆಸಿ, ಎಣ್ಣೆ ಹಚ್ಚಿ, ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆಗಿಡುವ ಮನೆಗಳಲ್ಲೇ ಈ ಎಂಜಿನ್ನು ತುಕ್ಕು ಹಿಡಿಯುತ್ತಿರುತ್ತದೆಂಬುದು ನನಗೆ ಇಂದಿಗೂ ಅರ್ಥವಾಗದ ಸಂಗತಿ.

ತರುಣನಾಗಿದ್ದಾಗ ನಾನು ಮಲ್ಪೆಯಲ್ಲಿ ಮೀನುಗಾರಿಕೆ ಬೋಟುಗಳ ಎಂಜಿನ್ ಕೆಲಸ ಕಲಿತವನು, ಅಲ್ಲಿಯೂ ಕಥೆ ಇದೇ ಇತ್ತು. ಗಂಟೆಗಟ್ಟಲೆ ಪೂರ್ಣ ಲೋಡಿನಲ್ಲಿ ಓಡುವ ಬೋಟಿನ ನೋಜಲಿಗೆ ಮಸಿ ಕಟ್ಟುವುದು ಕಡಿಮೆ, ಆ ಬಿಸಿಯೇ ಅದನ್ನು ಸುಟ್ಟುಬಿಡುತ್ತದೆ. ಕರಾವಳಿಯಲ್ಲಿ ಈಗ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಿಷೇಧದ ರಜೆ. ಮಳೆಗಾಲದಲ್ಲಿ ದಡ ಸೇರಿದ ಬೋಟಿನ ಟ್ಯಾಂಕು ಅರ್ಧ ಖಾಲಿಯಿದ್ದರೆ ಮತ್ತೆ ಕಡಲಿಗಿಳಿದ ಮೊದಲ ವಾರವೇ ಫಿಲ್ಟರಿನಲ್ಲಿ ಲೋಳೆ. ಅವರದು ಎರಡು ತಿಂಗಳ ರಜೆ, ನಮ್ಮ ಎಂಜಿನ್ನುಗಳದು ಹತ್ತು ತಿಂಗಳದು.

ನೀರಿಗೂ ಬಾಟಲಿ ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಅದರಲ್ಲಿ ಎರಡು ಬಗೆ. ಒಂದು ನೀರನ್ನು ಡೀಸೆಲಿನಿಂದ ಬೇರ್ಪಡಿಸಿ ಕೆಳಗಿಳಿಸುತ್ತದೆ, ಇನ್ನೊಂದು ಸಾಬೂನಿನಂತೆ ನೀರನ್ನು ಡೀಸೆಲಿನಲ್ಲೇ ಕದಡಿಬಿಡುತ್ತದೆ. ಕದಡಿದ ನೀರು, ನೀರನ್ನು ತಡೆಹಿಡಿಯುವ ವಾಟರ್ ಸೆಪರೇಟರಿನಲ್ಲಿ ನಿಲ್ಲದೆ ದಾಟಿ ನೋಜಲಿನ ಬಿಸಿ ತುದಿಯವರೆಗೂ ಹೋಗಿ ಅಲ್ಲಿ ಹಬೆಯಾಗಿ ಸಿಡಿಯುತ್ತದೆ. ಟ್ಯಾಂಕಿನಡಿ ನಿಂತ ನೀರಿಗೆ ಈ ಎರಡನೆಯ ಬಗೆ ಸುರಿಯುವುದೆಂದರೆ ಕಳ್ಳನನ್ನು ಕರೆದು ಕೀಲಿ ಕೊಟ್ಟಂತೆ. ಲೋಳೆಯನ್ನು ಕೊಲ್ಲುವ ಔಷಧಿಯೂ ಉಂಟು, ಆದರೆ ಸತ್ತ ಲೋಳೆ ಮಾಯವಾಗದೆ ಫಿಲ್ಟರಿನಲ್ಲಿ ಬಂದು ಕೂರುತ್ತದೆ. ಆದ್ದರಿಂದ ಟ್ಯಾಂಕು ತೊಳೆಯದೆ ಅದನ್ನು ಹಾಕಬೇಡಿ.

ಇನ್ನೊಂದು ಅಭ್ಯಾಸ ಸೀಮೆಎಣ್ಣೆ ಬೆರೆಸುವುದು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬರುತ್ತಿರುವ ಬಿಎಸ್-6 (ವಾಹನಗಳ ಹೊಗೆಗೆ ಸರ್ಕಾರದ ಮಾನದಂಡ) ಡೀಸೆಲಿನಲ್ಲಿ ಗಂಧಕ 10 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 10 ಪಾಲು ಮಾತ್ರ, ಅದಕ್ಕೆ ಮೊದಲು 50 ಇತ್ತು. ಗಂಧಕ ತೆಗೆಯುವಾಗ ಡೀಸೆಲಿನ ಸಹಜ ಜಿಡ್ಡುಗುಣವೂ ಹೋಗುವುದರಿಂದ ಜಾರಿಕೆಗೆ ಬೇಕಾದ ಅಡಿಟಿವ್ ಸೇರಿಸಿಯೇ ಬಂಕಿಗೆ ಕಳುಹಿಸುತ್ತಾರೆ. ಅದಕ್ಕೆ ಸೀಮೆಎಣ್ಣೆ ಬೆರೆಸಿದವನು ಇದ್ದ ಜಾರಿಕೆಯನ್ನೂ ಕೆಡಿಸಿಕೊಂಡ. ಹಾಗೆಯೇ, ಜಿಂಕ್ ಲೇಪದ ಡ್ರಮ್ಮು ಬಕೆಟ್ಟುಗಳಲ್ಲಿ ಡೀಸೆಲ್ ಇಡಬೇಡಿ. ಕರಗುವ ಜಿಂಕ್ ಅತಿ ಕಡಿಮೆ ಪ್ರಮಾಣದಲ್ಲಿಯೇ ನೋಜಲಿನ ತೂತಿನಲ್ಲಿ ಗಟ್ಟಿ ಪದರ ಕಟ್ಟಿಸುತ್ತದೆ. ಒಂದು ಕೈಯಲ್ಲಿ ಅಡಿಟಿವ್ ಹಿಡಿದು ಇನ್ನೊಂದು ಕೈಯಲ್ಲಿ ಜಿಂಕ್ ಬಕೆಟ್ ಎತ್ತುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಹಾಗಾದರೆ ನಾನು ಅಡಿಟಿವ್ ಹೇಳುವುದೇ ಇಲ್ಲವೆ ಎಂದರೆ, ಹೇಳುತ್ತೇನೆ: ನೋಜಲನ್ನು ಟೆಸ್ಟ್ ಮಾಡಿ ಸರಿಯಿದೆಯೆಂದು ಖಚಿತವಾದ ಮೇಲೆ, ಟ್ಯಾಂಕಿನ ತಳ ಚೊಕ್ಕಟವಾದ ಮೇಲೆ, ಲೇಬಲ್ಲಿನಲ್ಲಿ ಬರೆದ ಅಳತೆಯಷ್ಟೇ. ಹೋಂಸ್ಟೇಯವರು ಮಳೆಗಾಲದಲ್ಲಿ ದೊಡ್ಡ ಜನರೇಟರಿಗೆ ನಾಲ್ಕು ಬಲ್ಬು, ಒಂದು ಫ್ರಿಜ್ಜು ಹಾಕಿ ದಿನಗಟ್ಟಲೆ ಓಡಿಸುತ್ತಾರಲ್ಲ, ಅಲ್ಲಿ ನಿಜವಾಗಿಯೂ ಕಟ್ಟುವುದು ಮಸಿಯೇ. ಅವರಿಗೂ ನನ್ನ ಮೊದಲ ಸಲಹೆ ಕನಿಷ್ಠ ಮೂರನೆಯ ಒಂದು ಪಾಲಾದರೂ ಲೋಡ್ ಕೊಡಿ ಎಂಬುದು, ಬಾಟಲಿ ಅದರ ನಂತರದ್ದು.

ಸಿದ್ದಾಪುರ ಕಡೆಯ ಬೆಳೆಗಾರರೊಬ್ಬರು ಹಿಂದಿನ ವರ್ಷ ಮೂರು ಬಾಟಲಿ ಸುರಿದು, ಮೂರು ದಿನ ಕಳೆದುಕೊಂಡು, ಕೊನೆಗೆ ಹೊಸ ನೋಜಲು ಹಾಕಿಸಿಕೊಂಡು ಹೋಗಿದ್ದರು. ಟ್ಯಾಂಕಿನಡಿಯ ಡೀಸೆಲನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ರಾತ್ರಿಯಿಡೀ ನಿಲ್ಲಿಸಿ ನೋಡಿ ಎಂದು ಆಗ ಹೇಳಿದ್ದೆ. ಈ ಜನವರಿಯಲ್ಲಿ, ಸೀಸನ್ನಿಗೆ ಮೊದಲೇ, ಅವರು ಜೀಪಿನ ಮುಂದಿನ ಸೀಟಿನಲ್ಲಿ ಒಂದು ಜ್ಯೂಸ್ ಬಾಟಲಿಯನ್ನು ಮಗುವಿನಂತೆ ಕೂರಿಸಿಕೊಂಡು ಬಂದರು. ಮೇಲೆ ಡೀಸೆಲ್, ಕೆಳಗೆ ಎರಡು ಬೆರಳಿನಷ್ಟು ನೀರು, ನಡುವೆ ಕಂದು ಬಣ್ಣದ ಪಾಚಿಯಂಥ ಗೆರೆ. ನನಗೆ ಸಂತೋಷವಾಯಿತು. "ಇದಕ್ಕೆ ಯಾವ ಅಡಿಟಿವ್ ಹಾಕಲಿ?" ಎಂದು ಅವರು ಕೇಳಿದರು. ಮರುದಿನ ನಾನೇ ಹುಡುಗನನ್ನು ಕರೆದುಕೊಂಡು ಅವರ ತೋಟಕ್ಕೆ ಹೋದೆ. ಟ್ಯಾಂಕಿನಡಿ ಡ್ರೇನ್ ಬೋಲ್ಟ್ ಇತ್ತು. ವರ್ಷ ವರ್ಷ ಹಸಿರು ಪೇಂಟು ಬಳಿದು ಬಳಿದು ಅದು ಟ್ಯಾಂಕಿನ ಮೈಯಲ್ಲೇ ಸೇರಿಹೋಗಿತ್ತು, ಕೆರೆದು ಹುಡುಕಿ ಸಡಿಲಿಸಲು ಹುಡುಗನಿಗೆ ಅರ್ಧ ಗಂಟೆ ಹಿಡಿಯಿತು.