ಡಿಬೌನ್ಸ್ ಅಂದ್ರೆ ಎಂತ?

ಜಾವಾಸ್ಕ್ರಿಪ್ಟ್ (ವೆಬ್ ಪೇಜಿಗೆ ಕೋಡ್ ಬರೆಯುವ ಭಾಷೆ) ಕೆಲಸ ಮಾಡುವವರು ಆಗಾಗ ಹೇಳುವ ಈ ಪದ ಮೂಲದಲ್ಲಿ ವೆಬ್ಬಿನದ್ದಲ್ಲ, ಎಲೆಕ್ಟ್ರಾನಿಕ್ಸಿನದ್ದು. ಸ್ವಿಚ್ಚು ಒಂದ್ಸಲ ಒತ್ತಿದ್ರೂ ಒಳಗಿನ ಲೋಹದ ತುದಿಗಳು ಕೆಲವು ಮಿಲಿಸೆಕೆಂಡು ಪುಟೀತವೆ, ಸರ್ಕ್ಯೂಟಿಗೆ ಅದು ತುಂಬ ಸಲ ಒತ್ತಿದ ಹಾಗೆ ಕಾಣ್ತದೆ, ಆ ಪುಟಿಯುವುದನ್ನೆಲ್ಲ ಬಿಟ್ಟು ಒಂದೇ ಸಲ ಅಂತ ಲೆಕ್ಕ ಹಿಡಿಯೋದೇ ಡಿಬೌನ್ಸ್.

ನಮಗೆ ಇದು ಬೇಕಾಗೋದು ಜಾಸ್ತಿ ಸರ್ಚ್ ಬಾಕ್ಸಲ್ಲಿ. ನಾನು ಮಂಗಳೂರು ಉಡುಪಿ ಬಸ್ಸಿನ ಟೈಮ್ ಹುಡುಕ್ಲಿಕ್ಕೆ ಒಂದು ಸಣ್ಣ ಪೇಜ್ ಮಾಡಿದ್ದೆ, ಅದ್ರಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಮಣಿಪಾಲ ಅಂತ ಬರೀಬೇಕಾದ್ರೆ 8 ಕೀ, ಒಂದೊಂದು ಕೀಗೂ ಒಂದೊಂದು ರಿಕ್ವೆಸ್ಟ್ ಸರ್ವರಿಗೆ ಹೋಗ್ತಿತ್ತು, ಬೇಕಾದದ್ದು ಕೊನೇದು ಮಾತ್ರ ಮಾರಾಯ್ರೆ, ಉಳಿದ 7 ಸುಮ್ನೆ. ಮಳೆಗಾಲದಲ್ಲಿ ನೆಟ್‌ವರ್ಕ್ ಒಂದೇ ಕಡ್ಡಿ ಇರುವವರಿಗೆ ಇದು ನಿಜವಾಗ್ಲೂ ಕಷ್ಟ.

ಉಡುಪಿ ಸರ್ವಿಸ್ ಬಸ್ ಸ್ಟ್ಯಾಂಡಲ್ಲಿ ನೋಡಿ, ಕಂಡಕ್ಟರ್ ಇನ್ನೇನು ರೈಟ್ ಹೇಳ್ಬೇಕು ಅನ್ನುವಾಗ ಒಬ್ರು ಓಡಿ ಬರ್ತಾರೆ, ಅವ್ರು ಹತ್ತಿದ ಮೇಲೆ ಮತ್ತೆ ಸ್ವಲ್ಪ ಹೊತ್ತು ಕಾಯ್ತಾರೆ, ಯಾರೂ ಬರ್ಲಿಲ್ಲ ಅಂದ್ರೆ ರೈಟ್ ಪೋಯಿ. ಡಿಬೌನ್ಸೂ ಹಾಗೇ. ಕೀ ಒತ್ತಿದಾಗ ಸೆಟ್‌ಟೈಮ್‌ಔಟ್ ಅನ್ನುವ ಟೈಮರ್ ಹಾಕಿ 300 ಮಿಲಿಸೆಕೆಂಡು ಕಾಯೋದು, ಅಷ್ಟರೊಳಗೆ ಇನ್ನೊಂದು ಕೀ ಬಂತಾ, ಕ್ಲಿಯರ್‌ಟೈಮ್‌ಔಟ್ ಮಾಡಿ (ಆ ಟೈಮರ್ ನಿಲ್ಸಿ) ಮತ್ತೆ ಮೊದಲಿಂದ ಎಣಿಸೋದು, ಬರ್ಲಿಲ್ಲ ಅಂದ್ರೆ ರಿಕ್ವೆಸ್ಟ್ ಕಳಿಸೋದು. ಜನ ಬರ್ತಾನೇ ಇದ್ರೆ ಬಸ್ಸು ಹೊರಡುವುದೇ ಇಲ್ಲ ಅಲ್ವಾ, ಅದಕ್ಕೇ ಲೋಡ್ಯಾಶ್ ಅನ್ನುವ ಜಾವಾಸ್ಕ್ರಿಪ್ಟ್ ಲೈಬ್ರರಿಯ (ರೆಡಿ ಕೋಡಿನ ಕಟ್ಟು) ಡಿಬೌನ್ಸಲ್ಲಿ ಮ್ಯಾಕ್ಸ್‌ವೇಟ್ ಅಂತ ಒಂದು ಆಪ್ಷನ್ ಉಂಟು, ಎಷ್ಟೇ ಜನ ಬರ್ಲಿ ಇಷ್ಟು ಹೊತ್ತಾದ್ಮೇಲೆ ಹೊರಡ್ಲೇಬೇಕು ಅಂತ. ಥ್ರಾಟಲ್ ಅಂತ ಇನ್ನೊಂದು ವಿಧಾನ ಉಂಟು, ಅದು ಬೇರೆ. ಅದು ಜನ ಬರ್ತಾ ಇದ್ರೂ 10 ನಿಮಿಷಕ್ಕೊಂದು ಹೊರಡುವ ಸಿಟಿ ಬಸ್ಸಿನ ಹಾಗೆ, ಸ್ಕ್ರೋಲ್ ಮಾಡುವಾಗ ನಡೀಬೇಕಾದ ಕೆಲಸಕ್ಕೆ ಅದೇ ಸರಿ.

ಇದೊಂದಕ್ಕೇ ಅಂತ ಲೈಬ್ರರಿ ತರೋದು ನನಗೆ ಇಷ್ಟ ಇಲ್ಲ, ಹತ್ತು ಸಾಲಲ್ಲಿ ನಾವೇ ಬರ್ಕೊಳ್ಳಬಹುದು, ಬರೆದ್ರೆ ಕ್ಲೋಷರ್ (ಫಂಕ್ಷನ್ ತನ್ನ ಹೊರಗಿನ ವೇರಿಯಬಲನ್ನು ನೆನಪಿಟ್ಟುಕೊಳ್ಳೋದು) ಅಂದ್ರೆ ಎಂತ ಅಂತಲೂ ಚೆನ್ನಾಗಿ ತಲೆಗೆ ಹೋಗ್ತದೆ. ವೆಬ್ ಪೇಜ್ ಕಟ್ಟುವ ಲೈಬ್ರರಿ ರಿಯಾಕ್ಟಲ್ಲಿ ಮಾತ್ರ ಜಾಗ್ರತೆ. ಡಿಬೌನ್ಸ್ ಫಂಕ್ಷನನ್ನು ಕಾಂಪೊನೆಂಟಿನ (ಪೇಜಿನ ಒಂದು ತುಂಡಿನ ಕೋಡ್) ಒಳಗೆ ಹಾಗೇ ಬರೆದ್ರೆ ಪ್ರತೀ ರೆಂಡರಿಗೂ (ಆ ತುಂಡನ್ನು ಮತ್ತೆ ಬಿಡಿಸುವಾಗಲೆಲ್ಲ) ಹೊಸ ಟೈಮರ್ ಹುಟ್ತದೆ, ಹಳೇದನ್ನು ನಿಲ್ಸುವವರು ಯಾರೂ ಇಲ್ಲ, ಕೊನೆಗೆ ಎಲ್ಲಾ ರಿಕ್ವೆಸ್ಟೂ ಸ್ವಲ್ಪ ತಡವಾಗಿ ಹೋಗೇ ಹೋಗ್ತದೆ. ನಾನು ಇದ್ರಲ್ಲಿ ಒಂದು ಇಡೀ ಸಂಜೆ ಕಳ್ದಿದ್ದೇನೆ. ಪೇಮೆಂಟ್ ಬಟನ್ನಿಗೂ ಡಿಬೌನ್ಸ್ ಹಾಕ್ಬೇಡಿ, ಒಂದ್ಸಲ ಒತ್ತಿದ ಕೂಡ್ಲೇ ಬಟನನ್ನು ಡಿಸೇಬಲ್ ಮಾಡಿ.

ಮತ್ತೆ ಡಿಬೌನ್ಸ್ ಹಾಕಿದ್ರೂ ಹಳೇ ರಿಕ್ವೆಸ್ಟಿನ ಉತ್ತರ ಹೊಸದರ ನಂತರ ಬರಬಹುದು, ಬಾಕ್ಸಲ್ಲಿ ಮಲ್ಪೆ ಅಂತ ಉಂಟು, ಕೆಳಗೆ ಮಣಿಪಾಲದ ಬಸ್ಸು ಕಾಣ್ತದೆ. ಅದಕ್ಕೆ ಹೊಸ ರಿಕ್ವೆಸ್ಟ್ ಕಳಿಸುವ ಮೊದ್ಲು ಬ್ರೌಸರಲ್ಲೇ ಇರುವ ಅಬಾರ್ಟ್‌ಕಂಟ್ರೋಲರ್ ಇಂದ ಹಳೇದನ್ನು ರದ್ದು ಮಾಡ್ಬೇಕು.