ವಾರಂಟ್ ಇಲ್ಲದೆ ಪೊಲೀಸರು ರೂಮಿಗೆ ಬರಬಹುದಾ?

ಪ್ರಶ್ನೆ: ನಾನಿರೋದು ಬಿಟಿಎಂ ಲೇಔಟ್‌ನ ಪಿ.ಜಿ.ಯಲ್ಲಿ. ಪೊಲೀಸರು ವಾರಂಟ್ ಇಲ್ಲದೆ ರೂಮಿಗೆ ಬಂದು ಹುಡುಕಬಹುದಾ? ರಸ್ತೆಯಲ್ಲಿ ತಡೆದು ಮೊಬೈಲ್ ಲಾಕ್ ತೆಗಿ ಅಂದ್ರೆ ತೆಗೀಲೇಬೇಕಾ?

ಉತ್ತರ: ಇದಕ್ಕೆ ಬರೆದೂ ಬರೆದೂ ಸಾಕಾಗಿದೆ. ಆದರೂ ವಾರಕ್ಕೊಮ್ಮೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಮೊದಲನೆಯದಕ್ಕೆ ಉತ್ತರ: ಬರಬಹುದು.

‘ವಾರಂಟ್ ತೋರಿಸಿ’ ಎಂದು ಬಾಗಿಲಿಗೆ ಅಡ್ಡ ನಿಂತರೆ ಇನ್‌ಸ್ಪೆಕ್ಟರ್ ಸಾಹೇಬರು ಸಪ್ಪೆ ಮುಖ ಹಾಕಿಕೊಂಡು ಜೀಪು ಹತ್ತುತ್ತಾರೆ ಎನ್ನುವುದು ಸಿನಿಮಾದವರು ಬರೆದ ಕಾನೂನು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 185 ಓದಿ. ತನಿಖೆಗೆ ಬೇಕಾದ ವಸ್ತು ಒಂದು ಜಾಗದಲ್ಲಿದೆ, ತಡ ಮಾಡಿದರೆ ಕೈತಪ್ಪುತ್ತದೆ ಎಂದು ನಂಬಲು ಕಾರಣವಿದ್ದರೆ ತನಿಖಾಧಿಕಾರಿ ವಾರಂಟ್ ಇಲ್ಲದೆಯೇ ಶೋಧಿಸಬಹುದು. ಇದು ಹೊಸದೇನಲ್ಲ, ಇದಕ್ಕೆ ಮುಂಚೆ ಇದ್ದ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ (ಸಿಆರ್‌ಪಿಸಿ) ಇತ್ತು. ಅಡ್ಡ ನಿಂತರೆ ನಿಮ್ಮ ಮೇಲೇ ಇನ್ನೊಂದು ಕೇಸು.

ಇಷ್ಟು ಹೇಳಿದ ಕೂಡಲೇ ಮುಂದಿನ ವಾದ ಸಿದ್ಧವಿರುತ್ತದೆ: ‘ಹಾಗೆ ಸಿಕ್ಕ ಮಾಲು ಕೋರ್ಟಲ್ಲಿ ನಿಲ್ಲಲ್ಲ ಅಲ್ವಾ ಸರ್?’ ನಿಲ್ಲುತ್ತದೆ. ಶೋಧ ಅಕ್ರಮವಾಗಿತ್ತು ಎಂಬ ಒಂದೇ ಕಾರಣಕ್ಕೆ ಸಾಕ್ಷ್ಯವನ್ನು ಆಚೆಗಿಡಲಾಗದು ಎಂದು ಸುಪ್ರೀಂ ಕೋರ್ಟ್ 1973ರ ಪೂರಣ್ ಮಲ್ ಪ್ರಕರಣದಲ್ಲೇ ಹೇಳಿದೆ. ನಿಮ್ಮ ತಲೆಯಲ್ಲಿರುವುದು ಅಮೆರಿಕದ ನಿಯಮ. ಮಾದಕವಸ್ತು ಕೇಸುಗಳಲ್ಲಿ ಮಾತ್ರ ಸ್ವಲ್ಪ ಬಿಗಿ: ಮೈ ತಪಾಸಣೆಗೆ ಮುಂಚೆ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರು ಆಗಲಿ ಎಂದು ಕೇಳುವ ಹಕ್ಕಿದೆ ಅಂತ ತಿಳಿಸಲೇಬೇಕು. ಅದೂ ಮೈಗೆ, ಹೆಗಲಲ್ಲಿರುವ ಬ್ಯಾಗಿಗಲ್ಲ.

ಹಾಗಾದರೆ ಏನು ಕೇಳಬೇಕು? ಕಾರಣ ಬರೆದುಕೊಂಡಿದ್ದೀರಾ, ವಿಡಿಯೊ ಆಗುತ್ತಿದೆಯಾ, ಪಂಚರು (ಶೋಧಕ್ಕೆ ಸಾಕ್ಷಿಯಾಗಿ ನಿಲ್ಲುವವರು) ಯಾರು, ವಶಪಡಿಸಿಕೊಂಡ ವಸ್ತುಗಳ ಪಟ್ಟಿಯ ಪ್ರತಿ ಕೊಡಿ. ಶೋಧದ ವಿಡಿಯೊ ಈಗ ಕಡ್ಡಾಯ; ಬರೆದ ಕಾರಣ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್‌ಗೆ ತಲುಪಬೇಕು. ಕೋರ್ಟಿನಲ್ಲಿ ಕೇಸು ಬೀಳುವುದು ಹೆಚ್ಚಾಗಿ ಮಹಜರಿನ, ಅಂದರೆ ಪಂಚರ ಸಹಿ ಇರುವ ಶೋಧದ ದಾಖಲೆಯ, ಹತ್ತಿರ. ಪಂಚ ಕಟಕಟೆಗೆ ಬಂದು ‘ನಾನು ಆ ಜಾಗಕ್ಕೆ ಹೋಗಿಲ್ಲ, ಠಾಣೆಗೆ ಕರೆಸಿ ಸಹಿ ಹಾಕಿಸಿಕೊಂಡರು’ ಎನ್ನುವುದು ಬೆಂಗಳೂರಿನ ಯಾವ ಕ್ರಿಮಿನಲ್ ವಕೀಲರಿಗೂ ಬಾಯಿಪಾಠ.

ಇನ್ನು ಮೊಬೈಲ್. ಇಲ್ಲಿ ನಮ್ಮ ಹೈಕೋರ್ಟ್ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೇ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪು ಬಂದದ್ದು ಇದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಕೇಸಿನಲ್ಲಿ. 2021ರ ವೀರೇಂದ್ರ ಖನ್ನಾ ತೀರ್ಪಿನಲ್ಲಿ ಕರ್ನಾಟಕ ಹೈಕೋರ್ಟ್, ಫೋನ್ ಶೋಧಿಸಲು ಸಾಮಾನ್ಯವಾಗಿ ವಾರಂಟ್ ಬೇಕು, ತುರ್ತಿದ್ದರೆ ಕಾರಣ ಬರೆದಿಟ್ಟು ನೋಡಬಹುದು ಎಂದಿತು. ಆದರೆ ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಎಂದೂ ಅದೇ ತೀರ್ಪು ಹೇಳುತ್ತದೆ. ಕೋರ್ಟ್ ಆದೇಶವಿದ್ದೂ ಕೊಡದಿದ್ದರೆ ಅದನ್ನು ನಿಮ್ಮ ವಿರುದ್ಧವೇ ಅರ್ಥ ಮಾಡಿಕೊಳ್ಳಬಹುದು. ದೆಹಲಿಯ ಸಿಬಿಐ ಕೋರ್ಟೊಂದು 2022ರಲ್ಲಿ ಇದನ್ನು ಒಪ್ಪಲಿಲ್ಲ. ಆದರೆ ನೀವಿರುವುದು ಬಿಟಿಎಂನಲ್ಲಿ. ಯಾವ ಕೇಸೂ ಇಲ್ಲದೆ, ಸಿಗ್ನಲ್‌ನಲ್ಲಿ ಗಾಡಿ ನಿಲ್ಲಿಸಿ ವಾಟ್ಸ್ಆ್ಯಪ್ ಚಾಟ್ ತೋರಿಸು ಎನ್ನಲು ಮಾತ್ರ ಯಾವ ಕಲಮೂ ಇಲ್ಲ. ‘ಯಾವ ಕೇಸಿನಲ್ಲಿ ಸರ್?’ ಎಂದು ಮೆಲ್ಲಗೆ ಕೇಳಿ, ಕೂಗಾಡಬೇಡಿ.

ನೀವು ಕೇಳದಿದ್ದರೂ ಇನ್ನೊಂದು. ರೂಮಿಗೆ ಬಂದ ನಿಜ ಪೊಲೀಸರಿಗೆ ವಾರಂಟ್ ಕೇಳುವ ಜನವೇ, ವಿಡಿಯೊ ಕಾಲ್‌ನಲ್ಲಿ ಖಾಕಿ ಹಾಕಿಕೊಂಡವನು ‘ಡಿಜಿಟಲ್ ಅರೆಸ್ಟ್’ ಎಂದರೆ ಬಾಗಿಲು ಹಾಕಿಕೊಂಡು ಕೂತು ದುಡ್ಡು ಕಳಿಸುತ್ತಾರೆ. ಅಂಥ ಅರೆಸ್ಟ್ ಯಾವ ಕಾನೂನಿನಲ್ಲೂ ಇಲ್ಲ. ವಿಚಾರಣೆಗೆ ಹಾಜರಾಗಿ ಎಂಬ ಪೊಲೀಸ್ ನೋಟಿಸನ್ನೇ ವಾಟ್ಸ್ಆ್ಯಪ್‌ನಲ್ಲಿ ಕಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಕಾಲ್ ಕಟ್ ಮಾಡಿ. ದುಡ್ಡು ಹೋಗಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ನನಗೆ ಆಮೇಲೆ ಬರೆಯಿರಿ.