ಬೆಣ್ಣೆ ವಾಸನೆ ಹೋಗುವವರೆಗೆ

ಬೆಳಿಗ್ಗೆ ಆರೂವರೆಗೆ ಬ್ರೂವರಿಯ ಬಾಗಿಲು ತೆಗೆದ ಕೂಡಲೇ ನಾನು ಕಾಯಿಸುವುದು ಕಾಫಿಯನ್ನಲ್ಲ, ಬಿಯರನ್ನು. ಟ್ಯಾಂಕಿನ ನಲ್ಲಿಯಿಂದ ಎರಡು ಗಾಜಿನ ಲೋಟಕ್ಕೆ ಒಂದಿಷ್ಟು ಹಿಡಿದು, ಎರಡಕ್ಕೂ ಅಲ್ಯೂಮಿನಿಯಂ ಹಾಳೆ ಮುಚ್ಚಿ, ಒಂದನ್ನು 60 ಡಿಗ್ರಿ ಬಿಸಿನೀರಿರುವ ಪಾತ್ರೆಯಲ್ಲಿ ಇಳಿಬಿಡುತ್ತೇನೆ. ಇನ್ನೊಂದು ತಣ್ಣಗೆ ಪಕ್ಕದಲ್ಲೇ ಇರುತ್ತದೆ. ಅರ್ಧ ಗಂಟೆ ಕಳೆದ ಮೇಲೆ ಬಿಸಿ ಲೋಟವನ್ನು ತಣಿಸಿ, ಹಾಳೆ ಸರಿಸಿ, ಎರಡನ್ನೂ ಒಂದಾದ ಮೇಲೊಂದು ಮೂಸುತ್ತೇನೆ. ಬಿಸಿಯಾಗಿದ್ದರಲ್ಲಿ ಸಿನಿಮಾ ಟಾಕೀಸಿನ ಪಾಪ್‌ಕಾರ್ನ್ ವಾಸನೆ ಬಂತೋ, ಆ ಟ್ಯಾಂಕನ್ನು ಅವತ್ತು ಯಾರೂ ಮುಟ್ಟುವಂತಿಲ್ಲ.

ನಾನು ಹಾಸನದ ಕಡೆಯವನು. ಪೆನ್ಸಿಲ್ವೇನಿಯಾದ ಒಂದು ಸಣ್ಣ ಬ್ರೂವರಿಯಲ್ಲಿ ಜರ್ಮನ್ ಮಾದರಿಯ ಲಾಗರ್, ಅಂದರೆ ತಣ್ಣಗೆ, ನಿಧಾನಕ್ಕೆ ಹುದುಗುವ ಬಿಯರ್ ಮಾಡುವುದು ಈಗ ನನ್ನ ಕೆಲಸ. ಊರಿಗೆ ಹೋದಾಗಲೆಲ್ಲ ಗೆಳೆಯರು ಒಂದೇ ಪ್ರಶ್ನೆ ಕೇಳುತ್ತಾರೆ: ‘ಅಮೆರಿಕದಲ್ಲಿ ಇದ್ದುಕೊಂಡು ಜರ್ಮನಿಯವರ ಬಿಯರ್ ಮಾಡೋದ್ರಲ್ಲಿ ಏನಿದೆ? ಅದೂ ಲಾಗರ್? ಅದು ನಮ್ಮ ಕಿಂಗ್‌ಫಿಷರ್ ಥರಾನೇ ಅಲ್ವಾ?’ ವಂಶ ಅದೇ, ನಿಜ. ಆದರೆ ಪ್ರಶ್ನೆಗೆ ಉತ್ತರ ಆ ಎರಡು ಲೋಟದಲ್ಲಿದೆ.

ಯೀಸ್ಟ್ ಸಕ್ಕರೆಯನ್ನು ತಿನ್ನುತ್ತ ಆಲ್ಕೋಹಾಲ್ ಮಾಡುವಾಗ ಪಕ್ಕದಲ್ಲಿ ಇನ್ನೊಂದು ವಸ್ತುವನ್ನೂ ಹೊರಗೆ ಬಿಡುತ್ತದೆ. ಆ ವಸ್ತುವಿಗೆ ವಾಸನೆ ಇಲ್ಲ. ಅದು ಬಿಯರಿನೊಳಗೆ ನಿಧಾನಕ್ಕೆ ಡೈಅಸಿಟೈಲ್ ಆಗಿ ಬದಲಾಗುತ್ತದೆ. ಡೈಅಸಿಟೈಲ್ ಅಂದರೆ ಬೆಣ್ಣೆ ವಾಸನೆ. ಹತ್ತು ಲಕ್ಷದಲ್ಲಿ ಒಂದು ಪಾಲಿನ ಹತ್ತನೇ ಒಂದು ಭಾಗದಷ್ಟಿದ್ದರೂ ನುರಿತ ಮೂಗಿಗೆ ಸಿಕ್ಕಿಬಿಡುತ್ತದೆ. ಕಾದರೆ ಅದೇ ಯೀಸ್ಟ್ ಆ ಡೈಅಸಿಟೈಲನ್ನು ವಾಪಸ್ ಎಳೆದುಕೊಂಡು ವಾಸನೆಯಿಲ್ಲದ್ದನ್ನಾಗಿ ಮಾಡುತ್ತದೆ. ತಾನು ಮಾಡಿದ ಗಲೀಜನ್ನು ತಾನೇ ಗುಡಿಸುವ ಜೀವಿ ಅದು, ಗುಡಿಸಲು ಬಿಡುವು ಕೊಟ್ಟರೆ. ಲೋಟವನ್ನು ಬಿಸಿ ಮಾಡಿದಾಗ ಇನ್ನೂ ಬದಲಾಗದೆ ಉಳಿದಿದ್ದೆಲ್ಲ ಒಮ್ಮೆಗೇ ಬೆಣ್ಣೆಯಾಗಿ ಮೇಲೆದ್ದು ಬರುತ್ತದೆ. ಅಂದರೆ ಮುಂದೆ ಬರಲಿರುವ ಕೆಡುಕನ್ನು ಇವತ್ತೇ ಮೂಸಿ ನೋಡುವ ಉಪಾಯ. ಯಂತ್ರಗಳಿವೆ, ಆದರೆ ನಮ್ಮಂಥ ಸಣ್ಣ ಜಾಗದಲ್ಲಿ ಮೂಗೇ ಪ್ರಯೋಗಾಲಯ.

ಲಾಗರ್ ಯೀಸ್ಟ್ ಚಳಿಯದು. ಏಲ್ ಎಂಬ ಇನ್ನೊಂದು ಬಗೆಯ ಬಿಯರಿನ ಯೀಸ್ಟಿಗೆ 18–22 ಡಿಗ್ರಿ ಹಿತವಾದರೆ ಇದಕ್ಕೆ 8–13 ಸಾಕು. ದೋಸೆ ಹಿಟ್ಟು ಬೇಸಿಗೆಯಲ್ಲಿ ರಾತ್ರಿ ಕಳೆಯುವುದರೊಳಗೆ ಉಕ್ಕಿ ಪಾತ್ರೆಯಿಂದ ಹೊರಬರುತ್ತದೆ, ಚಳಿಗಾಲದಲ್ಲಿ ಬೆಳಿಗ್ಗೆ ನೋಡಿದರೂ ಹಾಗೇ ಕೂತಿರುತ್ತದೆ, ಅಷ್ಟೇ ವ್ಯತ್ಯಾಸ. ಬವೇರಿಯದಲ್ಲಿ 1553ರಲ್ಲಿ ಬೇಸಿಗೆಯ ಬ್ರೂಯಿಂಗನ್ನೇ ನಿಷೇಧಿಸಿದರು. ಸೆಪ್ಟೆಂಬರ್ 29ರಿಂದ ಏಪ್ರಿಲ್ 23ರವರೆಗೆ ಮಾತ್ರ ಬಿಯರ್ ಮಾಡಬಹುದಿತ್ತು, ಏಕೆಂದರೆ ಬೇಸಿಗೆಯಲ್ಲಿ ಮಾಡಿದ್ದು ಹುಳಿಯಾಗಿ ಕೆಡುತ್ತಿತ್ತು. ಮಾರ್ಚ್‌ನಲ್ಲಿ ಕೊನೆಗೆ ಮಾಡಿದ ಗಟ್ಟಿ ಬಿಯರನ್ನು ನೆಲಮಾಳಿಗೆಯಲ್ಲಿ, ಮಂಜುಗಡ್ಡೆಯ ಜೊತೆ ಬೇಸಿಗೆಗೆಂದು ಕೂಡಿಡುತ್ತಿದ್ದರು. ‘ಲಾಗರ್ನ್’ ಅಂದರೆ ಜರ್ಮನ್ ಭಾಷೆಯಲ್ಲಿ ಕೂಡಿಡುವುದು ಎಂದೇ ಅರ್ಥ. ಚಳಿಯಲ್ಲಿ ಬದುಕುವ ಯೀಸ್ಟ್ ಹೀಗೆ ಶತಮಾನಗಟ್ಟಲೆ ಆಯ್ಕೆಯಾಗುತ್ತ ಬಂತು. ಅದು ಎರಡು ಜಾತಿಗಳ ಮಿಶ್ರತಳಿ. ಒಂದು ನಾವು ಬ್ರೆಡ್ಡಿಗೆ ಹಾಕುವ ಯೀಸ್ಟೇ, ಇನ್ನೊಂದು 2011ರಲ್ಲಿ ಪ್ಯಾಟಗೋನಿಯಾದ ಕಾಡಿನ ಮರಗಳ ಮೇಲೆ ಸಿಕ್ಕಿತು. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆಯ ಶೈತ್ಯಯಂತ್ರ ಮ್ಯೂನಿಕ್ಕಿನ ಸ್ಪಾಟನ್ ಬ್ರೂವರಿಗೆ ಬಂದ ಮೇಲೆ ಚಳಿಗಾಲವನ್ನು ಕಾಯುವ ಕೆಲಸ ತಪ್ಪಿತು. ಬಿಯರನ್ನು ಕಾಯುವ ಕೆಲಸ ತಪ್ಪಲಿಲ್ಲ.

ಅಮೆರಿಕಕ್ಕೆ ಈ ಯೀಸ್ಟ್ ಬಂದದ್ದು ಜರ್ಮನ್ ವಲಸಿಗರ ಜೊತೆ. 1840ರ ಸುಮಾರಿಗೆ ಫಿಲಡೆಲ್ಫಿಯಾದಲ್ಲಿ ಜಾನ್ ವ್ಯಾಗ್ನರ್ ಎಂಬಾತ ಮನೆಯ ಹಿತ್ತಲಲ್ಲಿ ಮೊದಲ ಲಾಗರ್ ಮಾಡಿದ ಅನ್ನುತ್ತಾರೆ. ನನ್ನ ಬ್ರೂವರಿಯಿಂದ ಅಷ್ಟೇನೂ ದೂರವಲ್ಲದ ಜಾಗ, ಹಾಗಾಗಿ ನನಗೆ ಆ ಕತೆ ಇಷ್ಟ. ಆಮೇಲೆ ಮಿಲ್ವಾಕಿ, ಸೇಂಟ್ ಲೂಯಿಸ್‌ಗಳಲ್ಲಿ ಪಾಬ್ಸ್ಟ್, ಮಿಲ್ಲರ್, ಬುಷ್ ಮನೆತನಗಳು ಬೆಳೆದವು. ಅಲ್ಲಿನ ಬಾರ್ಲಿಯಲ್ಲಿ ಪ್ರೋಟೀನ್ ಹೆಚ್ಚಿದ್ದರಿಂದ ಬಿಯರ್ ಮಸುಕಾಗುತ್ತಿತ್ತು. ಮೆಕ್ಕೆಜೋಳ, ಅಕ್ಕಿ ಬೆರೆಸಿ ತಿಳಿಗೊಳಿಸಿದರು. ಇದು ಮೊದಲಿಗೆ ಮೋಸವಲ್ಲ, ಒಳ್ಳೆಯ ಕಸುಬುದಾರಿಕೆ. 1920ರಿಂದ 1933ರವರೆಗಿನ ಪಾನನಿಷೇಧ ಸಣ್ಣವರನ್ನು ಮುಗಿಸಿತು. ಉಳಿದ ದೊಡ್ಡವರು ಬಿಯರನ್ನು ವರ್ಷದಿಂದ ವರ್ಷಕ್ಕೆ ಇನ್ನಷ್ಟು ತೆಳುವಾಗಿಸಿದರು. 1970ರ ದಶಕದ ಕೊನೆಗೆ ಇಡೀ ದೇಶದಲ್ಲಿ 100ಕ್ಕಿಂತ ಕಡಿಮೆ ಬ್ರೂವರಿಗಳಿದ್ದವು.

ಸಣ್ಣ ಪ್ರಮಾಣದಲ್ಲಿ ಬಿಯರ್ ಮಾಡುವ ಕ್ರಾಫ್ಟ್ ಬ್ರೂವರ್‌ಗಳು ಬಂಡೆದ್ದದ್ದು ಈ ತೆಳು ಲಾಗರಿನ ವಿರುದ್ಧ. ಹಾಗಾಗಿ ಅವರ ಕೈಗೆ ಮೊದಲು ಸಿಕ್ಕ ಆಯುಧ ಏಲ್, ಅದರಲ್ಲೂ ಕಹಿ, ಘಮ ಕೊಡುವ ಹಾಪ್ಸ್ ಹೂ ಸುರಿದ ಪೇಲ್ ಏಲ್ ಮತ್ತು ಐಪಿಎ (ಇಂಡಿಯಾ ಪೇಲ್ ಏಲ್). 1985ರಲ್ಲಿ ಬಂದ ಸ್ಯಾಮ್ಯುಯೆಲ್ ಆಡಮ್ಸ್ ಬಾಸ್ಟನ್ ಲಾಗರಿನಂಥ ಅಪವಾದಗಳಿದ್ದವು, ಅದರಲ್ಲಿ ಬವೇರಿಯದ ಹಾಲರ್ಟಾವ್ ಮಿಟ್ಟಲ್‌ಫ್ರೂ ಹಾಪ್ಸ್ ಇತ್ತು. ಆದರೆ ಬಹುಪಾಲು ಜನ ಏಲ್‌ ಕಡೆಗೇ ಹೋದದ್ದಕ್ಕೆ ಸಿದ್ಧಾಂತಕ್ಕಿಂತ ಲೆಕ್ಕ ದೊಡ್ಡ ಕಾರಣ. ಏಲ್ ಎರಡು ವಾರಕ್ಕೆ ಟ್ಯಾಂಕ್ ಬಿಟ್ಟುಕೊಡುತ್ತದೆ, ಸರಿಯಾದ ಲಾಗರ್‌ಗೆ ಆರು ವಾರ ಬೇಕು. ಒಂದು ಟ್ಯಾಂಕಿನಿಂದ ವರ್ಷಕ್ಕೆ 26 ಸಲ ಏಲ್ ತೆಗೆಯಬಹುದು, ಲಾಗರ್ ಆದರೆ 8 ಸಲ. ಮಾರಾಟದ ಬೆಲೆಯೋ, ಲಾಗರ್‌ಗೇ ಕಡಿಮೆ. ‘ಇಷ್ಟು ತಿಳಿಯಾಗಿರೋದಕ್ಕೆ ಇಷ್ಟು ದುಡ್ಡಾ’ ಅನ್ನುತ್ತಾನೆ ಗಿರಾಕಿ. ಬ್ಯಾಂಕಿನವರ ಮುಂದೆ ಈ ಲೆಕ್ಕ ಇಟ್ಟು ಸಾಲ ಕೇಳಿದವರ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ.

ಅಂಥವರಲ್ಲಿ ನಮ್ಮ ಪೆನ್ಸಿಲ್ವೇನಿಯಾದ ವಿಕ್ಟರಿ ಬ್ರೂವರಿಯವರೂ ಇದ್ದಾರೆ. 1996ರಲ್ಲಿ ಡೌನಿಂಗ್‌ಟೌನ್ ಊರಿನಲ್ಲಿ ಶುರು ಮಾಡಿದ ರಾನ್ ಬಾರ್ಶೆ ಮತ್ತು ಬಿಲ್ ಕೊವಾಲೆಸ್ಕಿ ಇಬ್ಬರೂ ಜರ್ಮನಿಯಲ್ಲಿ ಕಲಿತು ಬಂದವರು. ಅವರ ಪ್ರೈಮಾ ಪಿಲ್ಸ್ ಕುಡಿದ ದಿನ ನನಗೆ ಪಿಲ್ಸ್ನರ್ ಎಂಬ ಲಾಗರ್ ಅಂದರೆ ಏನೆಂದು ಗೊತ್ತಾಯಿತು. ಹುಲ್ಲಿನ, ಹೂವಿನ ಘಮ, ಗಂಟಲ ಹಿಂದೆ ಚುರುಕಾಗಿ ನಿಲ್ಲುವ ಕಹಿ, ಆಮೇಲೆ ಏನೂ ಉಳಿಯದ ಶುಭ್ರ ಬಾಯಿ. ಐಪಿಎ ಬಿಸಿಬೇಳೆಬಾತಿದ್ದಂತೆ, ಬೇಳೆ ಒಂಚೂರು ಸೀದರೂ ಮಸಾಲೆ ಮುಚ್ಚಿಹಾಕುತ್ತದೆ. ಪಿಲ್ಸ್ ತಿಳಿಸಾರು. ನೀರು ಚೆನ್ನಾಗಿಲ್ಲದಿದ್ದರೆ ಅದೂ ಗೊತ್ತಾಗುತ್ತದೆ.

ಡೆನ್ವರ್ ನಗರದ ಬಿಯರ್‌ಸ್ಟಾಟ್ ಲಾಗರ್‌ಹೌಸ್ ಇನ್ನೂ ಒಂದು ಹೆಜ್ಜೆ ಹೋಯಿತು. 1930ರ ದಶಕದ ತಾಮ್ರದ ಹಂಡೆಗಳನ್ನು ಜರ್ಮನಿಯ ಹಳೆಯ ಬ್ರೂವರಿಯಿಂದ ಬಿಚ್ಚಿಸಿ, ಹಡಗಿನಲ್ಲಿ ತರಿಸಿ, 2016ರಲ್ಲಿ ಬಾಗಿಲು ತೆರೆದರು. ಅಲ್ಲಿ ಡಿಕಾಕ್ಷನ್ ಪದ್ಧತಿ. ಕಾಫಿ ಡಿಕಾಕ್ಷನ್ ಅಲ್ಲ ಮಾರಾಯ್ರೆ. ಬಿಸಿನೀರಲ್ಲಿ ನೆನೆಸಿದ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಗಂಜಿಯಲ್ಲಿ ಒಂದು ಪಾಲನ್ನು ಬೇರೆ ಹಂಡೆಗೆ ತೆಗೆದು, ಕುದಿಸಿ, ಮತ್ತೆ ಮೂಲದ ಹಂಡೆಗೇ ಸುರಿಯುವುದು. ಬಚ್ಚಲಲ್ಲಿ ತಣ್ಣೀರಿಗೆ ಕುದಿನೀರು ಬೆರೆಸಿ ಸ್ನಾನದ ಹದ ಮಾಡಿಕೊಳ್ಳುತ್ತೇವಲ್ಲ, ಅದೇ ತರ್ಕ. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಶಾಖವನ್ನು ಹಂತ ಹಂತವಾಗಿ ಏರಿಸಲು ಇದೇ ದಾರಿಯಾಗಿತ್ತು. ಇವತ್ತಿನ ಮಾಲ್ಟಿಗೆ ಇದು ಬೇಕಾಗಿಯೇ ಇಲ್ಲ, ಜರ್ಮನಿಯಲ್ಲೇ ಅನೇಕರು ಬಿಟ್ಟಿದ್ದಾರೆ. ಆದರೂ ಕುದಿಸುವಾಗ ಮಾಲ್ಟ್ ತುಸು ಕೆಂಪಾಗಿ ರೊಟ್ಟಿಯ ಅಂಚಿನಂಥ ರುಚಿ ಬರುತ್ತದೆ ಅನ್ನುವುದು ಮಾಡುವವರ ವಾದ. ಆ ವಾದದಲ್ಲಿ ನಾನು ಅವರ ಪರ, ತಿಂಗಳಿಗೊಮ್ಮೆ. ಉಳಿದ ದಿನ ನನಗೂ ಮನೆಗೆ ಹೋಗಬೇಕು.

ಇವರ ನಿಷ್ಠೆ ಕೆಲವೊಮ್ಮೆ ನಗು ತರಿಸುತ್ತದೆ. ಬವೇರಿಯದ 1516ರ ಶುದ್ಧತಾ ಕಾನೂನು ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಬಾರದು ಅಂದಿತು. ಅದರ ವಂಶದ ಕಾನೂನಿಗೆ ಬದ್ಧರಾದ ಜರ್ಮನ್ನರು ಗಂಜಿಯ ಹುಳಿ ಹೊಂದಿಸಲು ಆಮ್ಲ ಸುರಿಯುವಂತಿಲ್ಲ, ಅದಕ್ಕೇ ಮಾಲ್ಟನ್ನೇ ಹುಳಿ ಬರಿಸಿ ಬಳಸುತ್ತಾರೆ. ಅಮೆರಿಕದಲ್ಲಿ ಈ ಕಾನೂನು ಯಾರನ್ನೂ ಕಟ್ಟಿಹಾಕುವುದಿಲ್ಲ. ಒಂದು ಸೌಟು ಲ್ಯಾಕ್ಟಿಕ್ ಆಮ್ಲ ಹಾಕಿ ಮುಗಿಸಬಹುದು. ಆದರೂ ದುಬಾರಿ ಹುಳಿ ಮಾಲ್ಟನ್ನು ಸಮುದ್ರ ದಾಟಿಸಿ ತರುವವರಿದ್ದಾರೆ. ಊರಲ್ಲಿ ಬಿಟ್ಟ ಮಡಿಯನ್ನು ನ್ಯೂಜೆರ್ಸಿಯಲ್ಲಿ ಕಟ್ಟುನಿಟ್ಟಾಗಿ ಪಾಲಿಸುವ ನಮ್ಮ ಕೆಲವು ಹಿರಿಯರು ನನಗೆ ಆಗ ನೆನಪಾಗುತ್ತಾರೆ.

ಆಕ್ಟೋಬರ್‌ಫೆಸ್ಟ್ ವಿಷಯದಲ್ಲಂತೂ ಹೀಗೇ ಆಗಿದೆ. ಮ್ಯೂನಿಕ್ಕಿನ ಜಾತ್ರೆಗೆ 1872ರಲ್ಲಿ ಮೇರ್ತ್ಸನ್ ಎಂಬ ಕೆಂಪುಹೊಂಬಣ್ಣದ ಲಾಗರ್ ಬಂತು. 1970ರ ದಶಕದಲ್ಲಿ ಮ್ಯೂನಿಕ್ಕಿನ ಬ್ರೂವರಿ ಪೌಲಾನರ್‌ನವರು ‘ಇದು ತುಂಬ ಹೊಟ್ಟೆ ತುಂಬಿಸುತ್ತೆ, ಜನ ಇನ್ನೊಂದು ಮಗ್ ಕೇಳೋದಿಲ್ಲ’ ಎಂದು ತೆಳುಹಳದಿಯ, ಹಗುರವಾದ ಬಿಯರ್ ತಂದರು. ಈಗ ಮ್ಯೂನಿಕ್ಕಿನ ಡೇರೆಗಳಲ್ಲಿ ಸಿಗುವುದು ಅದೇ. ಕೆಂಪು ಮೇರ್ತ್ಸನ್ ಹುಡುಕಬೇಕೆಂದರೆ ಸೆಪ್ಟೆಂಬರಿನಲ್ಲಿ ಅಮೆರಿಕದ ಯಾವ ಅಂಗಡಿಗಾದರೂ ಹೋಗಿ, ಸಾಲುಸಾಲು ಇರುತ್ತದೆ. ಮಗ ಅಪ್ಪನ ಹಳೆಯ ಕೋಟು ಹಾಕಿಕೊಂಡು ತಿರುಗುತ್ತಿದ್ದರೆ ಅಪ್ಪ ಟೀಶರ್ಟಿಗೆ ಬದಲಾಯಿಸಿದ ಹಾಗೆ.

ಎಲ್ಲರೂ ಹೀಗೆ ಕೋಟು ಹಾಕಿಕೊಂಡೇ ಇರಲಿಲ್ಲ. ಕ್ಯಾಲಿಫೋರ್ನಿಯದ ಫೈರ್‌ಸ್ಟೋನ್ ವಾಕರ್‌ನಲ್ಲಿ ಮ್ಯಾಟ್ ಬ್ರಿನಿಲ್ಡ್‌ಸನ್ ಮಾಡಿದ ಪಿವೋ ಪಿಲ್ಸ್ ನೋಡಿ. ಹುದುಗು ಮುಗಿದ ತಣ್ಣನೆಯ ಬಿಯರಿಗೆ ಜರ್ಮನಿಯದೇ ಸಾಫಿರ್ ಹಾಪ್ಸ್ ಹಾಕಿ ನೆನೆಸಿಡುತ್ತಾರೆ. ನೆನೆಸಿಡುವುದು ಐಪಿಎದವರ ಚಾಳಿ, ಹಾಪ್ಸ್ ಜರ್ಮನ್ನರದು, ಉಪಾಯ ಕೊಟ್ಟದ್ದು ಇಟಲಿ: ಬಿರ್ರಿಫಿಚ್ಚೊ ಇಟಾಲಿಯಾನೊ 1996ರಿಂದ ಮಾಡುತ್ತಿದ್ದ ಟಿಪೊಪಿಲ್ಸ್ ಇದಕ್ಕೆ ಪ್ರೇರಣೆ. ಮ್ಯಾಸಚೂಸೆಟ್ಸ್‌ನ ಜಾಕ್ಸ್ ಆ್ಯಬಿ ಬ್ರೂವರಿ 2011ರಿಂದ ಲಾಗರ್ ಬಿಟ್ಟು ಬೇರೇನೂ ಮಾಡದೆಯೂ ಹೊಪೋನಿಯಸ್ ಯೂನಿಯನ್ ಎಂಬ ಬಿಯರಿನಲ್ಲಿ ಅಮೆರಿಕನ್ ಹಾಪ್ಸ್ ಧಾರಾಳವಾಗಿ ಸುರಿದಿದೆ; ಕಿತ್ತಳೆ, ಮಾವಿನ ಘಮ, ಆದರೆ ಕೆಳಗೆ ಲಾಗರಿನ ನೆಲ ಗಟ್ಟಿಯಾಗಿದೆ. ಪೋರ್ಟ್‌ಲೆಂಡಿನ ವೇಫೈಂಡರ್ ಬ್ರೂವರಿ 2018ರಲ್ಲಿ ಹೊರತಂದ ಕೋಲ್ಡ್ ಐಪಿಎ ಇನ್ನೊಂದು ದಿಕ್ಕು: ಲಾಗರ್ ಯೀಸ್ಟನ್ನು ವಾಡಿಕೆಗಿಂತ ಬೆಚ್ಚಗೆ ಓಡಿಸಿ, ಹಳೆಯ ಅಮೆರಿಕನ್ ಲಾಗರಿನಂತೆ ಅಕ್ಕಿ-ಮೆಕ್ಕೆಜೋಳದ ಮೈ ಕೊಟ್ಟು, ಮೇಲೆ ಐಪಿಎ ಕಹಿ. ಅದನ್ನು ಲಾಗರ್ ಅನ್ನಬೇಕೋ ಬೇಡವೋ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ಚೆನ್ನಾಗಿ ಮಾಡಿದ್ದು ಚೆನ್ನಾಗಿರುತ್ತದೆ.

ನನ್ನ ತಕರಾರು ಬೇರೆ. ಹಾಪ್ಸ್ ಬದಲಾಯಿಸಿ, ಅಕ್ಕಿ ಹಾಕಿ, ಹೆಸರು ಏನಾದರೂ ಇಡಿ. ದಿನಗಳನ್ನು ಮಾತ್ರ ಕದಿಯಬೇಡಿ. ಮೇಲೆ ಹೇಳಿದ ಬಿಯರುಗಳಲ್ಲಿ ಹಾಪ್ಸ್ ಒಂದು ಮಾತಾಡುತ್ತದೆ. ಮೂರೇ ವಾರಕ್ಕೆ ಹೊರಬಿದ್ದು ‘ಹಾಪಿ ಲಾಗರ್’ ಎಂದು ಹೆಸರು ಹೊತ್ತ ಎಷ್ಟೋ ಬಿಯರುಗಳಲ್ಲಿ ಹಾಪ್ಸ್ ಏನನ್ನೋ ಮುಚ್ಚಿಡುತ್ತಿರುತ್ತದೆ. ಲೋಟ ತುಸು ಬೆಚ್ಚಗಾಗಲು ಬಿಡಿ. ಗೀರಿದ ಬೆಂಕಿಕಡ್ಡಿಯ ಗಂಧಕ, ಬೇಯಿಸಿದ ಮೆಕ್ಕೆಜೋಳ, ಬೆಣ್ಣೆ, ಇವೆಲ್ಲ ಒಂದೊಂದಾಗಿ ಹೊರಗೆ ಬರುತ್ತವೆ.

ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ, ನಾನೇ ಮಾಡಿದ್ದೇನೆ. ಹಿಂದೆ ಕೆಲಸಕ್ಕಿದ್ದ ಒಂದು ಬ್ರೂವರಿಯಲ್ಲಿ ಆಗಸ್ಟ್ ಕೊನೆಯೊಳಗೆ ಮೇರ್ತ್ಸನ್ ಲಾರಿ ಹತ್ತಲೇಬೇಕಿತ್ತು. ಮಾರಾಟದವರು ದಿನಕ್ಕೆರಡು ಸಲ ಬಂದು ಟ್ಯಾಂಕಿನ ಮುಂದೆ ನಿಲ್ಲುತ್ತಿದ್ದರು. ನಾನು ತಣ್ಣನೆಯ ಲೋಟ ಮಾತ್ರ ಮೂಸಿದೆ. ಶುದ್ಧವಾಗಿತ್ತು. ಬಿಸಿ ಲೋಟಕ್ಕೆ ಪುರುಸೊತ್ತಿಲ್ಲ ಎಂದು ಎರಡು ದಿನ ಮುಂಚೆಯೇ ಟ್ಯಾಂಕನ್ನು ಸೊನ್ನೆ ಡಿಗ್ರಿಗೆ ಇಳಿಸಲು ಸಹಿ ಹಾಕಿದೆ. ಆ ಚಳಿಗೆ ಯೀಸ್ಟ್ ಗುಡಿಸುವ ಕೆಲಸ ಅರ್ಧಕ್ಕೇ ಬಿಟ್ಟು ತಳ ಸೇರಿತು. ಸೋಸಿ, ಕೆಗ್ ಎಂಬ ಪೀಪಾಯಿಗಳಿಗೆ ತುಂಬಿ ಕಳಿಸಿದೆವು. ಗೋದಾಮಿನ ಸೆಕೆಯಲ್ಲಿ ಉಳಿದದ್ದೆಲ್ಲ ಡೈಅಸಿಟೈಲ್ ಆಯಿತು. ತಿನ್ನಲು ಒಳಗೆ ಯೀಸ್ಟೇ ಇರಲಿಲ್ಲ. ಸೆಪ್ಟೆಂಬರ್ ಎರಡನೇ ವಾರಕ್ಕೆ ಕೆಗ್‌ಗಳು ವಾಪಸ್ ಬರತೊಡಗಿದವು. ಒಂದನ್ನು ತೆರೆದು ಸುರಿದಾಗ ನೆಲವೆಲ್ಲ ಬೆಣ್ಣೆ ಬಿಸ್ಕತ್ತಿನ ಬೇಕರಿಯಂತೆ ಘಮ್ಮೆಂದಿತು. ಫೋನಿನಲ್ಲಿ ಅಮ್ಮನಿಗೆ ಹೇಳಿದರೆ, ‘ಬೆಣ್ಣೆ ವಾಸ್ನೆ ಬಂದ್ರೆ ಒಳ್ಳೇದೇ ಅಲ್ವೇನೋ?’ ಅಂದರು. ಬಿಯರಿನಲ್ಲಿ ಅಲ್ಲಮ್ಮ.

ಬೆಂಗಳೂರಿನ ಪಬ್ ಒಂದರಲ್ಲಿ ಬ್ರೂವರ್ ಆಗಿರುವ ಹುಡುಗನೊಬ್ಬ ಹೋದ ತಿಂಗಳು ಹೆಲ್ಲೆಸ್ ರೆಸಿಪಿ ಕೇಳಿದ. ಹೆಲ್ಲೆಸ್ ಅಂದರೆ 1894ರಲ್ಲಿ ಸ್ಪಾಟನ್‌ನವರು ಪಿಲ್ಸ್ನರಿಗೆ ಪೈಪೋಟಿಯಾಗಿ ತಂದ, ಕಹಿ ಕಡಿಮೆಯ, ಮಾಲ್ಟಿನ ಸಿಹಿ ಮುಂದಿರುವ ತೆಳುಹೊನ್ನಿನ ಲಾಗರ್. ರೆಸಿಪಿ ಎರಡು ಸಾಲಿನದು: ಪಿಲ್ಸ್ನರ್ ಮಾಲ್ಟ್, ಒಂದು ಹಿಡಿ ಮ್ಯೂನಿಕ್ ಮಾಲ್ಟ್, ಹಾಲರ್ಟಾವ್ ಹಾಪ್ಸ್, 34/70 ಎಂಬ ಲಾಗರ್ ಯೀಸ್ಟ್. ಕಳಿಸಿದೆ. ‘ಸಾರ್, ಟ್ಯಾಂಕ್ ನಾಲ್ಕೇ ಇರೋದು, ವೀಟ್ ಬಿಯರ್ ವೀಕೆಂಡಿಗೆ ಖಾಲಿ ಆಗುತ್ತೆ. ನಾಲ್ಕು ವಾರಕ್ಕೆ ಆಗಲ್ವಾ?’ ಎಂದು ಕೇಳಿದ. ಬಿಸಿನೀರು, ಎರಡು ಲೋಟ, ಅಲ್ಯೂಮಿನಿಯಂ ಹಾಳೆ ಇಟ್ಟುಕೋ, ಅದು ಹೇಳಿದಷ್ಟು ದಿನ ಅಂದೆ. ಇನ್ನೂ ಉತ್ತರ ಬಂದಿಲ್ಲ. ಬಹುಶಃ ಮಾಲೀಕರ ಹತ್ತಿರ ಮಾತಾಡುತ್ತಿರಬೇಕು.

ಇವತ್ತು ಬೆಳಿಗ್ಗೆ ನಮ್ಮ ಮೂರನೇ ಟ್ಯಾಂಕಿನ ಪಿಲ್ಸ್ ಮೂಸಿದೆ. ತಣ್ಣನೆಯದು ಹೂವಿನಂತಿತ್ತು. ಬಿಸಿಯಾದದ್ದರಲ್ಲಿ ಬೆಣ್ಣೆ, ತೀರಾ ಸಣ್ಣಗೆ, ಇದೆಯೋ ಇಲ್ಲವೋ ಅನ್ನುವಷ್ಟು. ಜೊತೆಗಾರನನ್ನು ಕರೆದು ಯಾವುದು ಯಾವುದೆಂದು ಹೇಳದೆ ಮೂಸಿಸಿದೆ. ಅವನೂ ಬಿಸಿ ಲೋಟವನ್ನೇ ಬೆರಳಿನಿಂದ ತೋರಿಸಿದ. ಬಿಳಿ ಹಲಗೆಯ ಮೇಲೆ ತಣಿಸುವ ದಿನ ಶುಕ್ರವಾರ ಅಂತಿತ್ತು. ಒರೆಸಿ ಮಂಗಳವಾರ ಎಂದು ಬರೆದೆ.